ಕೋಪ ಈಗ ಎಲ್ಲಿದೆ? ಗೆಸ್ಟಾಲ್ಟ್ ಥೆರಪಿಯ ಮೊದಲ ಪಾಠಗಳು, ಹೆಜ್ಜೆ ಹೆಜ್ಜೆಯಾಗಿ

ನಮ್ಮ ಮಾತಿನಲ್ಲಿ ಕೋಪ "ಬರುತ್ತದೆ". ಬೇಜಾರು "ಆಗುತ್ತದೆ". ಭಯ "ಹಿಡಿದುಕೊಳ್ಳುತ್ತದೆ". ಯಾವುದನ್ನೂ ನಾವು ಮಾಡುವುದಿಲ್ಲ. ಕೋಪ ಅನ್ನುವುದು ಎಲ್ಲಿಂದಲೋ ಬಸ್ಸು ಹತ್ತಿ ಬಂದ ನೆಂಟ, ನಾವು ಬಾಗಿಲು ತೆಗೆದಿದ್ದಷ್ಟೇ.

ಕೆಲವು ವರ್ಷದ ಹಿಂದೆ ಒಂದು ವಾರಾಂತ್ಯದ ಶಿಬಿರದಲ್ಲಿ ಕೂತಿದ್ದೆ. ನನ್ನ ಅಕ್ಕನ ವಿಷಯ ಹೇಳುತ್ತಾ "ಅವತ್ತು ತುಂಬಾ ಕೋಪ ಬಂತು" ಅಂದೆ. ಶಿಬಿರ ನಡೆಸುತ್ತಿದ್ದವರು ಯಾಕೆ ಬಂತು ಅಂತ ಕೇಳಲಿಲ್ಲ. "ಈಗ ಎಲ್ಲಿದೆ ಅದು?" ಅಂದರು. ನಾನು ಉತ್ತರ ಹುಡುಕುತ್ತಾ ಸೂರು ನೋಡುತ್ತಿದ್ದೆ. "ನಿಮ್ಮ ಬಲಗೈ ನೋಡಿ" ಅಂದರು. ಮುಷ್ಟಿ ಬಿಗಿದಿತ್ತು. ಹೆಬ್ಬೆರಳು ಒಳಗೆ ಸಿಕ್ಕಿಕೊಂಡು ಬೆಳ್ಳಗಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಗೆಸ್ಟಾಲ್ಟ್ ಅನ್ನುವ ಈ ಮನೋಚಿಕಿತ್ಸೆಯಲ್ಲಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಆ ಹೆಬ್ಬೆರಳಿನಲ್ಲಿದೆ. ಯಾಕೆ ಅನ್ನುವ ಪ್ರಶ್ನೆ ಪಕ್ಕಕ್ಕಿಟ್ಟು, ಈಗ ಏನು ನಡೆಯುತ್ತಿದೆ, ಅದನ್ನು ನಾನು ಹೇಗೆ ನಡೆಸುತ್ತಿದ್ದೇನೆ ಅಂತ ನೋಡುವುದು. ಕೇಳೋಕೆ ಸುಲಭ. ಮಾಡೋಕೆ ಕೂತರೆ ಎರಡನೇ ನಿಮಿಷಕ್ಕೇ ಮನಸ್ಸು ನಾಳೆಯ ತಿಂಡಿಗೆ ಹೋಗಿರುತ್ತದೆ.

ಶುರು ಮಾಡುವ ಮುಂಚೆ

ಇದು ದಿನನಿತ್ಯದ ಕಿರಿಕಿರಿ, ಹಳೆಯ ಮುನಿಸು, "ನನಗೇ ನಾನು ಅರ್ಥವಾಗುತ್ತಿಲ್ಲ" ಅನ್ನುವಂಥ ಸ್ಥಿತಿಗೆ ಒಳ್ಳೆಯ ಅಭ್ಯಾಸ. ತೀವ್ರ ಖಿನ್ನತೆ, ಸಾಯುವ ಯೋಚನೆ, ಇಲ್ಲದ ದನಿ ಕೇಳಿಸುವುದು, ಹಿಂಸೆ ಅಥವಾ ಲೈಂಗಿಕ ದೌರ್ಜನ್ಯದ ನೆನಪು, ಇವುಗಳನ್ನು ಒಬ್ಬರೇ ಕೂತು ಕೆದಕಬೇಡಿ. ಅಂಥದ್ದೇನಾದರೂ ಇದ್ದರೆ ಮೊದಲು ಮನೋವೈದ್ಯರನ್ನು ನೋಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್ಕು, ಎರಡು ಕುರ್ಚಿ, ಯಾರೂ ಬಾಗಿಲು ತಟ್ಟದ ಅರ್ಧ ಗಂಟೆ. ಮೂರನೆಯದು ಹೊಂದಿಸುವುದೇ ಕಷ್ಟ.

ಹೆಜ್ಜೆ 1: ಇದು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ಗೆಸ್ಟಾಲ್ಟ್ ಜರ್ಮನ್ ಪದ. ಆಕಾರ, ಇಡಿಯಾದ ರೂಪ ಅಂತ ಅರ್ಥ. ಅಂಗಳದಲ್ಲಿ ಚುಕ್ಕಿ ಇಟ್ಟ ರಂಗೋಲಿ ನೆನಪಿಸಿಕೊಳ್ಳಿ. ಗೆರೆ ಎಳೆಯುವ ಮೊದಲೇ ಕಣ್ಣು ಚುಕ್ಕಿಗಳನ್ನು ಸೇರಿಸಿ ಹೂವೋ ನಕ್ಷತ್ರವೋ ಮಾಡಿಬಿಡುತ್ತದೆ. ಬಿಡಿಬಿಡಿಯಾಗಿ ನೋಡುವುದು ನಮ್ಮ ಕಣ್ಣಿಗೆ ಗೊತ್ತೇ ಇಲ್ಲ. ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಜರ್ಮನಿಯಲ್ಲಿ ಈ ಮನಶ್ಶಾಸ್ತ್ರ ಬೆಳೆಯಿತು. ಅದು ಥೆರಪಿ ಅಲ್ಲ, ನೋಟದ ಬಗೆಗಿನ ವಿಜ್ಞಾನ. ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ.

ಥೆರಪಿ ಕಟ್ಟಿದವರು ಫ್ರಿಟ್ಜ್ ಪರ್ಲ್ಸ್ ಮತ್ತು ಅವರ ಹೆಂಡತಿ ಲಾರಾ ಪರ್ಲ್ಸ್. ಫ್ರಿಟ್ಜ್ 1893ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ವೈದ್ಯ. 1926ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್ ಅನ್ನುವವರ ಬಳಿ ಕೆಲಸ ಮಾಡಿದರು. ಯುದ್ಧದಲ್ಲಿ ಮಿದುಳಿಗೆ ಪೆಟ್ಟಾದ ಸೈನಿಕರಿಗೆ ಗೋಲ್ಡ್‌ಸ್ಟೈನ್ ಚಿಕಿತ್ಸೆ ಕೊಡುತ್ತಿದ್ದರು. ಒಂದು ಭಾಗಕ್ಕೆ ಪೆಟ್ಟು ಬಿದ್ದರೂ ಇಡೀ ಮನುಷ್ಯ ತನ್ನನ್ನು ಮತ್ತೆ ಹೊಂದಿಸಿಕೊಳ್ಳುತ್ತಾನೆ ಅನ್ನುವುದು ಅವರ ಮಾತು. ಅಲ್ಲೇ ಗೆಸ್ಟಾಲ್ಟ್ ಮನಶ್ಶಾಸ್ತ್ರ ಓದುತ್ತಿದ್ದ ಲಾರಾ ಪರಿಚಯವಾದರು. ಹಿಟ್ಲರ್ ಬಂದ ಮೇಲೆ 1933ರಲ್ಲಿ ಜರ್ಮನಿ ಬಿಟ್ಟರು. ನೆದರ್ಲೆಂಡ್ಸ್, ಅಲ್ಲಿಂದ ದಕ್ಷಿಣ ಆಫ್ರಿಕಾ, 1946ರಲ್ಲಿ ನ್ಯೂಯಾರ್ಕ್. 1951ರಲ್ಲಿ ಪಾಲ್ ಗುಡ್‌ಮನ್ ಮತ್ತು ರಾಲ್ಫ್ ಹೆಫರ್‌ಲೈನ್ ಜೊತೆ ಸೇರಿ ಫ್ರಿಟ್ಜ್ ಬರೆದ ಪುಸ್ತಕದಿಂದ ಈ ಹೆಸರು ನಿಂತಿತು. ಅದರ ಒಂದು ದೊಡ್ಡ ಭಾಗ ಓದುಗರೇ ಮಾಡಿ ನೋಡುವ ಪ್ರಯೋಗಗಳು. ಹಾಗಾಗಿ ಮನೆಯಲ್ಲಿ ಕೂತು ಕಲಿಯುವುದು ನಾನು ಹುಟ್ಟಿಸಿದ ಉಪಾಯವೇನಲ್ಲ.

ಇದರಿಂದ ಒಂದು ವಿಷಯ ಮಾತ್ರ ತಲೆಯಲ್ಲಿಟ್ಟುಕೊಂಡರೆ ಸಾಕು: ಎದುರಿನ ಆಕಾರ ಮತ್ತು ಹಿನ್ನೆಲೆ. ಹೊಟ್ಟೆ ಹಸಿದು ಮೆಜೆಸ್ಟಿಕ್‌ನಲ್ಲಿ ಬಸ್ಸು ಇಳಿದರೆ ಕಣ್ಣಿಗೆ ಬರೀ ಹೋಟೆಲ್ ಬೋರ್ಡು ಕಾಣುತ್ತದೆ. ಊಟ ಮಾಡಿ ಹೊರಗೆ ಬಂದರೆ ಅದೇ ರಸ್ತೆಯಲ್ಲಿ ಚಪ್ಪಲಿ ಅಂಗಡಿ, ಪುಸ್ತಕದ ಅಂಗಡಿ ಎಲ್ಲ ಎದ್ದು ನಿಲ್ಲುತ್ತವೆ. ಯಾವ ಅಗತ್ಯ ಜೋರಾಗಿದೆಯೋ ಅದು ಮುಂದೆ ಬರುತ್ತದೆ. ಪೂರೈಸಿದರೆ ಹಿಂದೆ ಸರಿಯುತ್ತದೆ. ಪೂರೈಸದಿದ್ದರೆ ಹೋಗುವುದಿಲ್ಲ, ಪಕ್ಕದಲ್ಲೇ ನಿಂತು ಸೆರಗು ಎಳೆಯುತ್ತಿರುತ್ತದೆ. ಗೆಸ್ಟಾಲ್ಟ್‌ನವರು ಇದನ್ನು ಮುಗಿಯದ ವ್ಯವಹಾರ ಅನ್ನುತ್ತಾರೆ. ಬ್ಲೂಮಾ ಝೈಗಾರ್ನಿಕ್ ಅನ್ನುವ ಮನಶ್ಶಾಸ್ತ್ರಜ್ಞೆ 1927ರಲ್ಲಿ ಬರೆದ ಪ್ರಬಂಧವೂ ಇದರ ಹತ್ತಿರದ್ದೇ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಅಂತ ಅದರ ಸಾರ. ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆ ಅದೇ ಫಲಿತಾಂಶ ಬಂದಿಲ್ಲ. ಆದರೂ ಬಿಲ್ಲು ಕೊಡದೆ ಎದ್ದು ಹೋದ ಗಿರಾಕಿಯ ಮುಖ ಹೋಟೆಲಿನ ಮಾಣಿ ಮರೆಯುತ್ತಾನಾ?

ಹೆಜ್ಜೆ 2: "ಈಗ ನನಗೆ ಗೊತ್ತಾಗ್ತಿದೆ..."

ಮೊದಲ ಎರಡು ವಾರ ಇದೊಂದನ್ನೇ ಮಾಡಿ. ದಿನಕ್ಕೆ ಹತ್ತು ನಿಮಿಷ.

ಕುರ್ಚಿಯಲ್ಲಿ ಕೂತು, ಬಾಯಿಬಿಟ್ಟು, ದನಿ ತೆಗೆದು, "ಈಗ ನನಗೆ ಗೊತ್ತಾಗ್ತಿದೆ" ಅಂತ ಶುರು ಮಾಡಿ ವಾಕ್ಯ ಮುಗಿಸಿ. ಮುಗಿದ ಕೂಡಲೇ ಇನ್ನೊಂದು. ಮನಸ್ಸಿನಲ್ಲೇ ಹೇಳಿಕೊಂಡರೆ ಅಷ್ಟು ಕೆಲಸ ಮಾಡಲ್ಲ, ಮನಸ್ಸು ಮೋಸ ಮಾಡುತ್ತದೆ. ನನ್ನ ನೋಟ್‌ಬುಕ್ಕಿನ ಮೊದಲ ದಿನದ ಪುಟ ಹೀಗಿದೆ:

"ಈಗ ನನಗೆ ಗೊತ್ತಾಗ್ತಿದೆ, ಫ್ಯಾನಿನ ಸದ್ದು. ಈಗ ನನಗೆ ಗೊತ್ತಾಗ್ತಿದೆ, ಪಕ್ಕದ ಮನೆ ಕುಕ್ಕರ್ ಎರಡನೇ ವಿಷಲ್. ಈಗ ನನಗೆ ಗೊತ್ತಾಗ್ತಿದೆ, ಹಾಲು ತರಬೇಕಿತ್ತು. ಈಗ ನನಗೆ ಗೊತ್ತಾಗ್ತಿದೆ, ಇದೆಲ್ಲ ಹುಚ್ಚಾಟ. ಈಗ ನನಗೆ ಗೊತ್ತಾಗ್ತಿದೆ, ಹೊಟ್ಟೆ ಒಳಗೆ ಎಳೆದುಕೊಂಡು ಕೂತಿದ್ದೀನಿ."

ಇದನ್ನು ಮೂರು ಬುಟ್ಟಿಗೆ ಹಾಕಬಹುದು. ಫ್ಯಾನು, ಕುಕ್ಕರು ಹೊರಗಿನವು, ಕಣ್ಣು ಕಿವಿ ಮೂಗಿಗೆ ಸಿಕ್ಕಿದ್ದು. ಹೊಟ್ಟೆ ಒಳಗಿನದು, ಚರ್ಮದ ಈಚೆಯದು. ಹಾಲು, ಹುಚ್ಚಾಟ ಇವೆರಡು ಮಧ್ಯದವು: ಯೋಚನೆ, ಲೆಕ್ಕಾಚಾರ, ತೀರ್ಪು. ಪರ್ಲ್ಸ್ ಇದನ್ನು ಮಧ್ಯದ ವಲಯ ಅಂತಲೇ ಕರೆದರು. ಹೊರಗಿನದು ಒಳಗಿನದು ಎರಡಕ್ಕೂ ನಡುವೆ ಅದು ಪರದೆ ಹಾಗೆ ನಿಲ್ಲುತ್ತದೆ. ಬರೆದಿದ್ದನ್ನು ಆಮೇಲೆ ಓದಿ ಒಂದೊಂದರ ಮುಂದೆ ಹೊ, ಒ, ಮ ಅಂತ ಗುರುತು ಹಾಕಿ. ನನ್ನ ಮೊದಲ ವಾರದಲ್ಲಿ ಪುಟಗಟ್ಟಲೆ "ಮ" ಇತ್ತು. "ಒ" ಬೆರಳೆಣಿಕೆಯಷ್ಟು.

ಮಧ್ಯದ್ದು ಕೆಟ್ಟದ್ದು ಅಂತಲ್ಲ. ಅದಿಲ್ಲದೆ ಗ್ಯಾಸ್ ಬುಕ್ ಮಾಡೋಕೂ ಆಗಲ್ಲ. ಇದು ಮನಸ್ಸು ಖಾಲಿ ಮಾಡುವ ಧ್ಯಾನವೂ ಅಲ್ಲ. ಬಂದಿದ್ದನ್ನು ಓಡಿಸಬೇಡಿ, ಅದರ ಹಿಂದೆ ಓಡಲೂ ಬೇಡಿ. ಯಾವ ಬುಟ್ಟಿ ಅಂತ ಗೊತ್ತಾದರೆ ಸಾಕು.

ಎರಡನೇ ವಾರಕ್ಕೆ ಬರುವ ಕಾಯಿಲೆ ಒಂದಿದೆ. "ಓಹೋ, ನಾನು ಯಾವಾಗಲೂ ಭುಜ ಎತ್ತಿಕೊಂಡೇ ಕೂರ್ತೀನಿ, ಇನ್ನು ಸಡಿಲ ಬಿಡಬೇಕು" ಅಂತ ರಿಪೇರಿಗೆ ಇಳಿಯುವುದು. ಇಳಿಯಬೇಡಿ. ಭುಜ ಎತ್ತಿರುವುದು ಕಂಡರೆ ಇನ್ನೂ ಸ್ವಲ್ಪ ಎತ್ತಿ. ಎಲ್ಲಿಗೆ ಹೋಗುತ್ತದೆ ನೋಡಿ. ಅಮೆರಿಕದ ಮನೋವೈದ್ಯ ಆರ್ನಾಲ್ಡ್ ಬೈಸರ್ 1970ರಲ್ಲಿ ಬರೆದ ಒಂದು ಚಿಕ್ಕ ಪ್ರಬಂಧ ಇಡೀ ಗೆಸ್ಟಾಲ್ಟ್‌ಗೆ ಬೆನ್ನೆಲುಬಾಯಿತು. ತಾನಲ್ಲದ್ದು ಆಗೋಕೆ ಒದ್ದಾಡುವಾಗ ಮನುಷ್ಯ ಬದಲಾಗುವುದಿಲ್ಲ, ತಾನು ಏನೋ ಅದೇ ಪೂರ್ತಿ ಆದಾಗ ಬದಲಾವಣೆ ಆಗುತ್ತದೆ ಅನ್ನುವುದು ಅವರ ವಾದ. ಬೈಸರ್ ಮೊದಲು ಟೆನಿಸ್ ಚಾಂಪಿಯನ್ ಆಗಿದ್ದವರು. 25ನೇ ವಯಸ್ಸಿನಲ್ಲಿ ಪೋಲಿಯೋ ಬಡಿದು ದೇಹ ಸ್ವಾಧೀನ ತಪ್ಪಿತು. ಅವರು ಹೇಳಿದ್ದಕ್ಕೆ ನಾನು ಕಿವಿಗೊಡುವುದು ಆ ಕಾರಣಕ್ಕೇ. ಬದುಕು ಚೆನ್ನಾಗಿ ನಡೆಯುತ್ತಿರುವವರು "ನೀನು ನೀನಾಗಿರು" ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅಲ್ಲ, ಸಿಟ್ಟು ಮಾಡ್ಕೊಳ್ತಿದ್ದೆ.

ಹೆಜ್ಜೆ 3: ಆಡುವ ಮಾತು ಬದಲಿಸಿ ನೋಡಿ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು, ಮತ್ತು ಕನ್ನಡದಲ್ಲೇ ಮಾಡಬೇಕಾದ್ದು. ನಮ್ಮ ಭಾಷೆಯಲ್ಲಿ "ನಾನು" ಮಾಯವಾಗೋಕೆ ಹಾದಿ ಬಹಳ. "ನನಗೆ ಕೋಪ ಬಂತು" ಅನ್ನುವಲ್ಲಿ ನಾನು ಬರೀ ವಿಳಾಸ, ಕೋಪ ಬಂದಿಳಿದ ಮನೆ. "ಮಾಡ್ಕೊಂಡೆ" ಅಂದರೆ ಮಾಡಿದವನು ಸಿಕ್ಕಿಬೀಳುತ್ತಾನೆ.

ಒಂದು ವಾರ ಹೀಗೆ ಮಾಡಿ. ಇಡೀ ದಿನ ಬೇಡ, ಮನೆಯವರಿಗೆ ಹುಚ್ಚು ಹಿಡಿಯುತ್ತದೆ. ರಾತ್ರಿ ಕೂತು ಆ ದಿನ ಆಡಿದ ನಾಲ್ಕೈದು ಮಾತು ಬರೆದುಕೊಳ್ಳಿ, ಒಂದೊಂದನ್ನೂ ತಿರುಗಿಸಿ ಗಟ್ಟಿಯಾಗಿ ಓದಿ.

"ಭಾನುವಾರ ಬರೋಕಾಗಲ್ಲ" ಅಂದಿದ್ದರೆ "ಭಾನುವಾರ ಬರಲ್ಲ" ಅಂತ ಓದಿ. ನಡುವಿನಿಂದ "ಆಗು" ತೆಗೆದ ಕೂಡಲೇ ಮೈ ಬಿಸಿಯಾಗುತ್ತದೆ. ಇಷ್ಟು ದಿನ ಆ ಪುಟ್ಟ ಕ್ರಿಯಾಪದದ ಹಿಂದೆ ಬಚ್ಚಿಟ್ಟುಕೊಂಡಿದ್ದು ಆಗ ತಿಳಿಯುತ್ತದೆ.

"ಯಾರಿಗಾದ್ರೂ ಬೇಜಾರಾಗುತ್ತೆ ಅಲ್ವಾ?" ಅಂದಿದ್ದರೆ "ನಾನು ಬೇಜಾರು ಮಾಡ್ಕೊಂಡಿದ್ದೀನಿ." ಯಾರಿಗಾದ್ರೂ, ಒಬ್ಬರಿಗೆ, ಜನಕ್ಕೆ, ಮನುಷ್ಯ ಅಂದಮೇಲೆ, ಇವೆಲ್ಲ "ನಾನು" ಹಾಕಿಕೊಳ್ಳುವ ವೇಷ.

"ಫೋನ್ ಮಾಡೋಕೆ ನಿಂಗೆ ಟೈಮೇ ಸಿಗಲ್ವಾ?" ಅನ್ನುವುದು ಪ್ರಶ್ನೆಯೇ ಅಲ್ಲ. ಅದರೊಳಗಿನ ಮಾತು ಹೊರಗೆ ತೆಗೆಯಿರಿ: "ನೀನು ಫೋನ್ ಮಾಡ್ಲಿ ಅಂತ ಕಾಯ್ತಿದ್ದೆ."

"ಅವಳು ಇಷ್ಟ, ಆದ್ರೆ ಕೋಪ" ಅನ್ನುವಲ್ಲಿ "ಆದ್ರೆ" ಬಂದ ತಕ್ಷಣ ಹಿಂದಿನ ಇಷ್ಟ ಅಳಿಸಿಹೋಗುತ್ತದೆ. ಅದನ್ನು ಕಿತ್ತು ಹಾಕಿ. "ಇಷ್ಟಾನೂ ಇದೆ, ಕೋಪಾನೂ ಇದೆ." ನಮ್ಮ ಈ "ಊ" ಒಂದು ವರ. ಎರಡನ್ನೂ ಒಂದೇ ಮಣೆ ಮೇಲೆ ಕೂರಿಸುತ್ತದೆ.

ಒಂದು ತಕರಾರು ಹೇಳಲೇಬೇಕು. ಎಲ್ಲ "ಆಗಲ್ಲ"ವೂ ನೆಪ ಅಲ್ಲ. ಕೈಯಲ್ಲಿ ಕಾಸಿಲ್ಲದ, ಮನೆಯಲ್ಲಿ ಹೇಳೋಕೆ ಕೇಳೋಕೆ ಜಾಗವಿಲ್ಲದ ಹೆಣ್ಣುಮಗಳು "ಹೋಗೋಕಾಗಲ್ಲ" ಅಂದರೆ ಅದು ನಿಜವೇ. ಅವಳ ಬಾಯಲ್ಲಿ "ಹೋಗಲ್ಲ" ಅನ್ನಿಸುವುದು ಕ್ರೌರ್ಯ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಅನ್ನುವ ಶಿಬಿರ ಕೇಂದ್ರದಲ್ಲಿ ಪರ್ಲ್ಸ್ ಗುಂಪಿನ ಮುಂದೆ ನಡೆಸುತ್ತಿದ್ದ ಪ್ರದರ್ಶನಗಳಲ್ಲಿ "ಎಲ್ಲಕ್ಕೂ ನೀನೇ ಹೊಣೆ" ಅನ್ನುವ ದನಿ ಜೋರಾಗಿತ್ತು. ಆ ಪ್ರದರ್ಶನಗಳನ್ನು ನೋಡಿ ಇದೇ ಗೆಸ್ಟಾಲ್ಟ್ ಅಂದುಕೊಳ್ಳಬೇಡಿ. ಆಮೇಲೆ ಬಂದವರು ಬಹಳ ಮೆತ್ತಗೆ, ಎದುರಿನವರ ಜೊತೆ ನಿಂತು ಕೆಲಸ ಮಾಡುತ್ತಾರೆ. ಲಾರಾ ಮೊದಲಿಂದಲೂ ಹಾಗೇ ಇದ್ದರು.

ಹಾಗೇ, ತಲೆನೋವು ಬಂದರೆ "ನಾನೇ ತಲೆ ಬಿಗಿ ಹಿಡಿದಿದ್ದೀನಿ" ಅಂತ ಹೇಳಿ ನೋಡಿ, ತಪ್ಪಿಲ್ಲ. ಮೂರು ದಿನವಾದರೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 4: ನುಂಗಿದ್ದನ್ನು ಅಗಿಯಿರಿ

ಪರ್ಲ್ಸ್ ದಂಪತಿಗೆ ಹಲ್ಲಿನ ಮೇಲೆ ವಿಚಿತ್ರ ಆಸಕ್ತಿ. ಮಗು ಹಾಲು ಬಿಟ್ಟು ಅಗಿಯೋಕೆ ಕಲಿಯುವುದನ್ನು ಲಾರಾ ಗಮನಿಸಿ ಟಿಪ್ಪಣಿ ಮಾಡಿದ್ದರು. 1936ರಲ್ಲಿ ಫ್ರಿಟ್ಜ್ ಮನೋವಿಶ್ಲೇಷಕರ ಸಮ್ಮೇಳನಕ್ಕೆ ತೆಗೆದುಕೊಂಡು ಹೋದ ಪ್ರಬಂಧ ಇದಕ್ಕೆ ಸಂಬಂಧಿಸಿದ್ದೇ. ಆ ಪ್ರವಾಸದಲ್ಲೇ ವಿಯೆನ್ನಾಕ್ಕೆ ಹೋಗಿ, ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಮನೆ ಬಾಗಿಲು ತಟ್ಟಿದರು. ಫ್ರಾಯ್ಡ್ ಹೊಸ್ತಿಲಲ್ಲೇ ನಿಲ್ಲಿಸಿ ನಾಲ್ಕು ಮಾತಾಡಿ ಕಳಿಸಿಬಿಟ್ಟರು. ಪರ್ಲ್ಸ್ ಸಾಯುವವರೆಗೂ ಅದನ್ನು ಮರೆಯಲಿಲ್ಲ. ಮುಗಿಯದ ವ್ಯವಹಾರದ ಬಗ್ಗೆ ಲೋಕಕ್ಕೆಲ್ಲ ಹೇಳಿಕೊಟ್ಟ ಮನುಷ್ಯನದ್ದು ಇದೊಂದು ಹಾಗೇ ಉಳಿಯಿತು.

ಪರ್ಲ್ಸ್ ದಂಪತಿಯ ಮಾತು ಇಷ್ಟು: ಊಟವನ್ನು ಅಗಿದು ತಿಂದರೆ ಮೈಗೆ ಹತ್ತುತ್ತದೆ, ಹಾಗೇ ನುಂಗಿದರೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಮಾತೂ ಅಷ್ಟೇ. ಅಪ್ಪ ಅಮ್ಮ, ಮೇಷ್ಟ್ರು, ಮಠ, ನೆರೆಹೊರೆ ಬಾಯಿಗಿಟ್ಟ ಎಷ್ಟೋ ಮಾತನ್ನು ನಾವು ಅಗಿಯದೆ ನುಂಗಿದ್ದೇವೆ. ಹಿಡಿಯೋಕೆ ಒಂದು ಸುಲಭ ಗುರುತಿದೆ. ಅವು "ಬೇಕು", "ಬಾರದು" ಅಂತ ಮುಗಿಯುತ್ತವೆ.

ನೋಟ್‌ಬುಕ್ಕು ತೆಗೆದು ಇಪ್ಪತ್ತು ಬರೆಯಿರಿ. ತಟ್ಟೆಯಲ್ಲಿ ಅನ್ನ ಬಿಡಬಾರದು. ದೊಡ್ಡವರಿಗೆ ಎದುರು ಮಾತಾಡಬಾರದು. ಜೋರಾಗಿ ನಗಬಾರದು. ಬಂದವರಿಗೆ ಕಾಫಿ ಕೊಡದೆ ಕಳಿಸಬಾರದು. ಸಾಲ ಮಾಡಬಾರದು. ಆಮೇಲೆ ಒಂದೊಂದನ್ನೂ ಗಟ್ಟಿಯಾಗಿ ಹೇಳಿ, ಯಾರ ದನಿಯಲ್ಲಿ ಕೇಳಿಸುತ್ತದೆ ನೋಡಿ. ಪಕ್ಕದಲ್ಲಿ ಅವರ ಹೆಸರು ಬರೆಯಿರಿ. ಕೊನೆಗೆ ಕೇಳಿಕೊಳ್ಳಿ, ಇದು ಈಗ ನನಗೆ ರುಚಿಸುತ್ತಾ? ಎಲ್ಲ ಉಗುಳಬೇಕಾಗಿಲ್ಲ. ತಟ್ಟೆಯಲ್ಲಿ ಅನ್ನ ಬಿಡಬಾರದು ಅನ್ನುವುದನ್ನು ನಾನು ಅಗಿದು ನೋಡಿ ಇಟ್ಟುಕೊಂಡೆ, ಈಗ ಅದು ನನ್ನದು. "ಕೊಟ್ಟ ಕೆಲಸಕ್ಕೆ ಇಲ್ಲ ಅನ್ನಬಾರದು" ಅನ್ನುವುದನ್ನು ಉಗಿಯೋಕೆ ಒಂದು ವರ್ಷ ಹಿಡಿಯಿತು.

ಹೀಗೆ ಅಗಿಯದೆ ನುಂಗುವ ಅಭ್ಯಾಸಕ್ಕೆ ಅಣ್ಣತಮ್ಮಂದಿರು ಇನ್ನೂ ನಾಲ್ವರಿದ್ದಾರೆ. ಒಬ್ಬ ಬಹಳ ಮುಖ್ಯ: ಹೊರಗೆ ಹೋಗಬೇಕಾದ್ದನ್ನು ಒಳಕ್ಕೇ ತಿರುಗಿಸಿಕೊಳ್ಳುವುದು. ಇದಕ್ಕೆ ಕನ್ನಡದಲ್ಲಿ ಮಾತು ಹುಡುಕಬೇಕಿಲ್ಲ. ಹಲ್ಲು ಕಚ್ಚಿಕೊಂಡೆ, ತುಟಿ ಬಿಗಿ ಹಿಡಿದೆ, ಕೈ ಕೈ ಹಿಸುಕಿಕೊಂಡೆ, ಹೊಟ್ಟೆಗೆ ಹಾಕ್ಕೊಂಡೆ. ಇವೆಲ್ಲ ಬರೀ ನುಡಿಗಟ್ಟಲ್ಲ, ಆ ಹೊತ್ತಿನಲ್ಲಿ ಮೈ ನಿಜಕ್ಕೂ ಅದನ್ನೇ ಮಾಡುತ್ತಿರುತ್ತದೆ. ಉಗುರು ಕಚ್ಚುವಾಗ, ದವಡೆ ಬಿಗಿದಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಯಾರಿಗೆ ಮಾಡಬೇಕಿತ್ತು? ಒದ್ದೆ ಟವೆಲ್ ಒಂದನ್ನು ತೆಗೆದುಕೊಂಡು ಶಕ್ತಿಯೆಲ್ಲ ಹಾಕಿ ಹಿಂಡಿ, ಹಿಂಡುವಾಗ ಬಾಯಿಗೆ ಬಂದ ಮಾತು ಆಡಿ. ಮನುಷ್ಯರ ಮೇಲೆ ತೀರಿಸಿಕೊಳ್ಳಿ ಅಂತ ಯಾರೂ ಹೇಳುತ್ತಿಲ್ಲ. ಕೈ ಏನು ಹೇಳಬೇಕೆಂದಿದೆ ಅಂತ ಕೇಳಿಸಿಕೊಳ್ಳೋಕೆ ಟವೆಲ್ ಸಾಕು.

ಉಳಿದ ಮೂವರನ್ನು ಚುಟುಕಾಗಿ ಹೇಳುತ್ತೇನೆ. ನನ್ನೊಳಗಿನದನ್ನು ಇನ್ನೊಬ್ಬರ ಮೇಲೆ ಹಾಕುವುದು: "ಅವಳಿಗೆ ಎಷ್ಟು ಜಂಬ" ಅಂದಾಗ "ನನಗೆ ಎಷ್ಟು ಜಂಬ" ಅಂತ ಒಮ್ಮೆ ಹೇಳಿ, ಮೈಗೆ ಹತ್ತಿರ ಬರುತ್ತಾ ನೋಡಿ. "ನಾಲ್ಕು ಜನ ಏನಂತಾರೆ" ಅನ್ನುವ ಆ ನಾಲ್ವರೂ ಎಷ್ಟೋ ಸಲ ನಮ್ಮೊಳಗಿನವರೇ. ಇನ್ನೊಂದು, ಕರಗಿಹೋಗುವುದು: "ನಮ್ಮನೇಲಿ ಯಾರಿಗೂ ಹಾಗಲಕಾಯಿ ಸೇರಲ್ಲ" ಅನ್ನುವಲ್ಲಿ ನಾನು ಎಲ್ಲಿದ್ದೇನೆ? ಮೂರನೆಯದು ಜಾರಿಕೊಳ್ಳುವುದು. ಮಾತು ಎದೆಗೆ ತಾಗುವ ಹೊತ್ತಿಗೆ ಜೋಕ್ ಹೊಡೆಯುವುದು, ಮೊಬೈಲ್ ತೆಗೆಯುವುದು. ಇದನ್ನು ಪಟ್ಟಿಗೆ ಸೇರಿಸಿದವರು ಎರ್ವಿಂಗ್ ಮತ್ತು ಮಿರಿಯಂ ಪೋಲ್‌ಸ್ಟರ್ ದಂಪತಿ, 1970ರ ದಶಕದಲ್ಲಿ. ಇವು ಯಾವುವೂ ರೋಗವಲ್ಲ. ಬಾಸ್ ಮುಂದೆ ನಾಲಿಗೆ ಕಚ್ಚಿಕೊಳ್ಳುವುದು ಬುದ್ಧಿವಂತಿಕೆ. ಮನೆಗೆ ಬಂದಮೇಲೂ ಕಚ್ಚಿಕೊಂಡೇ ಇದ್ದರೆ ಆಗ ತೊಂದರೆ.

ಹೆಜ್ಜೆ 5: ಖಾಲಿ ಕುರ್ಚಿ

ಗೆಸ್ಟಾಲ್ಟ್ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಇದೇ. ಮೂಲದಲ್ಲಿ ಇದು ಜೇಕಬ್ ಮೊರೆನೊ ಅನ್ನುವವರ ನಾಟಕ ಚಿಕಿತ್ಸೆಯಿಂದ ಬಂದಿದ್ದು, ಪರ್ಲ್ಸ್ ತಮ್ಮದನ್ನಾಗಿ ಮಾಡಿಕೊಂಡರು. ಗೆಸ್ಟಾಲ್ಟ್‌ನ ಬೇರೆ ಭಾಗಗಳಿಗಿಂತ ಇದರ ಮೇಲೆ ಸಂಶೋಧನೆ ಹೆಚ್ಚು. ಕೆನಡಾದ ಲೆಸ್ಲಿ ಗ್ರೀನ್‌ಬರ್ಗ್ ಮತ್ತು ಅವರ ಜೊತೆಯವರು ಹಳೆಯ ಮುನಿಸು, ನೋವು ಹೊತ್ತವರ ಜೊತೆ ಕುರ್ಚಿ ಸಂಭಾಷಣೆ ನಡೆಸಿ ಪ್ರಯೋಜನ ದಾಖಲಿಸಿದ್ದಾರೆ.

ಮೊದಲ ಸಲ ಸಣ್ಣ ಜಗಳ ಆರಿಸಿಕೊಳ್ಳಿ. ಜೀವನದ ಅತಿ ದೊಡ್ಡ ಗಾಯ ಬೇಡ. ನಿಮಗೆ ಹೊಡೆದವರನ್ನು, ಹಿಂಸೆ ಕೊಟ್ಟವರನ್ನು ಒಬ್ಬರೇ ಇರುವಾಗ ಕುರ್ಚಿಯಲ್ಲಿ ಕೂರಿಸಲೇಬೇಡಿ, ಅದಕ್ಕೆ ಪಕ್ಕದಲ್ಲಿ ತರಬೇತಾದವರು ಇರಬೇಕು.

ಎರಡು ಕುರ್ಚಿ ಎದುರುಬದುರು ಇಡಿ. ದೂರ ಎಷ್ಟು ಅಂತ ನೀವೇ ತೀರ್ಮಾನಿಸಿ. ಎಷ್ಟು ದೂರ ಇಟ್ಟಿರಿ ಅನ್ನುವುದೂ ಒಂದು ಸುದ್ದಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ. ಎದುರಿನ ಕುರ್ಚಿಯಲ್ಲಿ ಆ ವ್ಯಕ್ತಿ ಕೂತಿದ್ದಾರೆ ಅಂದುಕೊಳ್ಳಿ. ಏನು ಉಟ್ಟಿದ್ದಾರೆ, ಕೈ ಎಲ್ಲಿದೆ, ನಿಮ್ಮನ್ನು ನೋಡುತ್ತಿದ್ದಾರಾ ಇಲ್ಲವಾ, ಇಷ್ಟು ಕಾಣುವವರೆಗೂ ಬಾಯಿ ತೆರೆಯಬೇಡಿ. ಆಮೇಲೆ ನೇರ ಮಾತಾಡಿ. "ಅವಳು ಹೀಗೆ ಮಾಡಿದಳು" ಅಲ್ಲ, "ನೀನು ಹೀಗೆ ಮಾಡಿದೆ". ಮಾತು ನಿಂತಾಗ ಎದ್ದು ಆ ಕುರ್ಚಿಗೆ ಹೋಗಿ ಕೂತು, ಅವರಾಗಿ ಉತ್ತರ ಕೊಡಿ. ಮತ್ತೆ ವಾಪಸ್. ಎದ್ದು ಹೋಗುವುದನ್ನು ತಪ್ಪಿಸಬೇಡಿ. ಕೂತಲ್ಲೇ ಎರಡೂ ದನಿ ಆಡಿದರೆ ಅದು ಬರೀ ಮಧ್ಯದ ಬುಟ್ಟಿಯ ಆಟವಾಗುತ್ತದೆ.

ನಾನು ಕೂರಿಸಿದ್ದು ಅಕ್ಕನನ್ನು. ಜಗಳ ಒಂದು ಹಂಡೆಯದ್ದು. ಊರಿನ ಮನೆಯ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆ. ಅಮ್ಮ ಹೋದ ಮೇಲೆ ಅಕ್ಕ ಅದನ್ನು ನನ್ನನ್ನು ಕೇಳದೆ ಗುಜರಿಯವನಿಗೆ ತೂಕಕ್ಕೆ ಹಾಕಿದ್ದಳು. ಮೂರು ವರ್ಷದಿಂದ ನಾವು ಹಬ್ಬಕ್ಕಷ್ಟೇ ಮಾತಾಡುತ್ತಿದ್ದೆವು.

ಊಟದ ಮನೆಯ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ. ಹಸಿರು ವಾಯಿಲ್ ಸೀರೆ, ತೊಡೆಯ ಮೇಲೆ ಕೈ, ಅಕ್ಕ ಕೂತಳು. "ಆ ಹಂಡೆ ನೀನೊಬ್ಬಳದ್ದೇ ಆಗಿತ್ತಾ?" ಅಂತ ಶುರು ಮಾಡಿದೆ. ಪ್ರಶ್ನೆ, ಗಮನಿಸಿ. ಒಳಗಿನ ಮಾತು ತೆಗೆದೆ: "ನನ್ನನ್ನ ಕೇಳಲಿಲ್ಲ ನೀನು. ನಾನು ಆ ಮನೆಯವರಲ್ಲ ಅನ್ನೋ ಹಾಗೆ ಮಾಡ್ಬಿಟ್ಟೆ." ಗಂಟಲು ಕಟ್ಟಿತು. ಎದ್ದು ಆ ಕಡೆ ಹೋಗಿ ಕೂತೆ.

ಕುರ್ಚಿ ಬದಲಾದ ಕೂಡಲೇ ನನ್ನ ಬೆನ್ನು ಬಾಗಿತು. ಅಕ್ಕ ಸುಸ್ತಾದಾಗ ಕೂರುವ ಹಾಗೆ. ನಾನು ಬಾಗಿಸಲಿಲ್ಲ, ಬಾಗಿತು. (ಹೌದು, ಹೆಜ್ಜೆ 3ರ ಪ್ರಕಾರ ಇದು ತಪ್ಪು. ಇರಲಿ.) ಬಾಯಿಂದ ಬಂದ ಮಾತು: "ಎರಡು ವರ್ಷ ಅಮ್ಮನಿಗೆ ನೀರು ಕಾಯಿಸಿ ಸ್ನಾನ ಮಾಡಿಸ್ದೋಳು ನಾನು. ಆ ಹಂಡೆ ನೋಡೋಕಾಗ್ತಿರ್ಲಿಲ್ಲ ನಂಗೆ."

ನಾನು ಅದನ್ನು ಯೋಚಿಸಿರಲೇ ಇಲ್ಲ. ಅಕ್ಕ ನಿಜಕ್ಕೂ ಹಾಗೆ ಅಂದುಕೊಂಡಿದ್ದಳಾ? ಗೊತ್ತಿಲ್ಲ. ಕುರ್ಚಿಯಲ್ಲಿ ಕೂತಿದ್ದು ಅಕ್ಕ ಅಲ್ಲ, ನನ್ನೊಳಗಿನ ಅಕ್ಕ. ಇದನ್ನು ಮರೆತರೆ ಈ ಹೆಜ್ಜೆಯಿಂದ ಅಪಾಯವೇ ಜಾಸ್ತಿ. "ನೀನು ಹೀಗೆ ಅಂದುಕೊಂಡಿದ್ದೆ ಅಂತ ನನಗೆ ಗೊತ್ತಾಯ್ತು" ಅಂತ ಫೋನ್ ಮಾಡಿ ಹೇಳಬೇಡಿ. ಆ ಎರಡು ವರ್ಷ ನಾನು ಊರಿಗೆ ಹೋಗಿದ್ದು ಎಷ್ಟು ಸಲ ಅನ್ನುವ ಲೆಕ್ಕ ಮಾತ್ರ ನನಗೆ ಪಕ್ಕಾ ಗೊತ್ತಿತ್ತು. ನಾಲ್ಕು.

ಅಲಾರಂ ಹೊಡೆದಾಗ ನಿಲ್ಲಿಸಿ. ಅಳು ಬಂದಿದ್ದರೆ ಮುಗಿಯಲಿ. ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ, ಪಾದ ನೆಲಕ್ಕೆ ಒತ್ತಿ, ಕುರ್ಚಿಯನ್ನು ಅದರ ಜಾಗಕ್ಕೆ ವಾಪಸ್ ಇಟ್ಟುಬಿಡಿ. ಕೊನೆಯದು ಚಿಕ್ಕದು ಅನ್ನಿಸಬಹುದು. ಇಡದೆ ಬಿಟ್ಟರೆ ರಾತ್ರಿಯೆಲ್ಲ ಆ ಕುರ್ಚಿ ನಿಮ್ಮನ್ನೇ ನೋಡುತ್ತಿರುತ್ತದೆ.

ಹೆಜ್ಜೆ 6: ಕನಸು ಬಿದ್ದರೆ

ಕನಸಿಗೆ ಅರ್ಥ ಹೇಳುವ ಪುಸ್ತಕ ಪಕ್ಕಕ್ಕಿಡಿ. ಪರ್ಲ್ಸ್ ಪ್ರಕಾರ ಕನಸಿನ ಪ್ರತಿ ಚೂರೂ ನೀವೇ. ಕನಸನ್ನು ಈಗ ನಡೆಯುತ್ತಿರುವ ಹಾಗೆ ಹೇಳಿ, ಆಮೇಲೆ ಅದರ ಒಂದೊಂದು ವಸ್ತುವಾಗಿ ಮಾತಾಡಿ. ಬೀಗದ ಕೈ ಕಳೆದುಹೋದ ಬೀರು ಕಂಡಿತ್ತು ನನಗೆ. "ನಾನು ಬೀರು. ಭಾರ ಇದ್ದೀನಿ. ನನ್ನೊಳಗೆ ಏನಿದೆ ಅಂತ ನನಗೇ ಮರೆತಿದೆ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆ. ಎಲ್ಲ ಕನಸೂ ಬಾಯಿ ಬಿಡಲ್ಲ.

ಎಷ್ಟು ದಿನ, ಯಾವಾಗ

ನನ್ನ ಲೆಕ್ಕ ಸುಮಾರು ಎಂಟು ವಾರದ್ದು. ಮೊದಲ ಎರಡು ವಾರ ಎರಡನೇ ಹೆಜ್ಜೆ. ಮೂರನೇ ವಾರ ಮಾತು ತಿರುಗಿಸುವುದು. ನಾಲ್ಕರಿಂದ ಆರನೇ ವಾರದವರೆಗೂ ಬೇಕು-ಬಾರದು ಪಟ್ಟಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಅಗಿಯಬೇಡಿ. ಕುರ್ಚಿಯನ್ನು ಏಳನೇ ವಾರಕ್ಕಿಂತ ಮೊದಲು ಮುಟ್ಟಬೇಡಿ, ವಾರಕ್ಕೆ ಒಂದೇ ಸಲ. ಹತ್ತು ನಿಮಿಷದ "ಈಗ ನನಗೆ ಗೊತ್ತಾಗ್ತಿದೆ" ಮಾತ್ರ ಉದ್ದಕ್ಕೂ ನಡೆಯಲಿ. ಮಲಗುವ ಮುಂಚೆ ಮಾಡಿದರೆ ನಿದ್ದೆ ಕೆಡುತ್ತದೆ, ನನ್ನ ಅನುಭವ. ಬೆಳಿಗ್ಗೆ ಕಾಫಿ ಆದಮೇಲೆ ವಾಸಿ.

ಬೋರ್ ಆದರೆ? ಆಗಿಯೇ ಆಗುತ್ತದೆ. ಆಗ "ಈಗ ನನಗೆ ಗೊತ್ತಾಗ್ತಿದೆ, ಬೋರ್" ಅನ್ನಿ. ಬೋರ್ ಮೈಯಲ್ಲಿ ಎಲ್ಲಿದೆ ನೋಡಿ. ನನಗೆ ಅದು ಯಾವಾಗಲೂ ರೆಪ್ಪೆಯಲ್ಲಿರುತ್ತದೆ, ಮತ್ತು ಏನೋ ಮುಖ್ಯವಾದದ್ದು ಹತ್ತಿರ ಬಂದಾಗಲೇ ಬರುತ್ತದೆ. ಬರುತ್ತದೆ ಅಲ್ಲ. ಬೋರ್ ಮಾಡ್ಕೊಳ್ತೀನಿ.

ಒಬ್ಬರೇ ಸಾಕಾ?

ಅರ್ಧ ದಾರಿಗೆ ಸಾಕು. ನನ್ನ ಹೆಬ್ಬೆರಳು ನನಗೆ ಕಾಣಲಿಲ್ಲ, ಎದುರು ಕೂತವರಿಗೆ ಕಂಡಿತು. ಆ ಕೆಲಸ ನೋಟ್‌ಬುಕ್ಕು ಮಾಡಲ್ಲ. ಬದುಕಿನ ಯಾವುದೋ ಒಂದು ಕಡೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದೀರಿ ಅನ್ನಿಸಿದರೆ ಥೆರಪಿಸ್ಟ್ ಹುಡುಕಿ. ಎರಡು ದಿನದ ಶಿಬಿರಕ್ಕೆ ಹೋಗಿ ಬಂದವರೂ ಗೆಸ್ಟಾಲ್ಟ್ ಅಂತ ಬೋರ್ಡು ಹಾಕಬಹುದು, ಹಾಗಾಗಿ ಮೊದಲ ಫೋನಿನಲ್ಲೇ ಕೇಳಿ: ನಿಮ್ಮ ಮೂಲ ಓದು ಏನು? ಗೆಸ್ಟಾಲ್ಟ್ ತರಬೇತಿ ಎಷ್ಟು ವರ್ಷದ್ದು? ನಿಮ್ಮ ಕೆಲಸವನ್ನು ಹಿರಿಯರು ಯಾರಾದರೂ ನೋಡಿ ತಿದ್ದುತ್ತಾರಾ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಬಹುದು, ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗುವುದು ಬೇಡ. ಕನ್ನಡದಲ್ಲಿ ಮಾತಾಡಬಹುದಾ ಅಂತಲೂ ಕೇಳಿ. "ಆಗಲ್ಲ"ಕ್ಕೂ "ಮಾಡಲ್ಲ"ಕ್ಕೂ ಇರುವ ದೂರ ಅವರ ಕಿವಿಗೆ ಬೀಳಬೇಕಲ್ಲ.

ಮೊದಲ ಭೇಟಿಗೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ನಾನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಅವರು ಓದಿ ಅಂದರು. ಅರ್ಧ ಪುಟ ಓದುವ ಹೊತ್ತಿಗೆ "ಹಾಳೆ ನಡುಗ್ತಾ ಇದೆ" ಅಂದರು.